ಕುರ್ಚಿಯ ಅಳತೆ

"ಕಣ್ಣು ಮುಚ್ಕೋ," ಎಂದ ಬಡಗಿ, ಅಡುಗೆಮನೆಯ ಬಾಗಿಲಿಗೆ ಕಟ್ಟಿದ್ದ ಹಳೇ ಬೆಡ್‌ಶೀಟಿನ ಅಂಚು ಹಿಡಿದುಕೊಂಡು.

"ಮುಚ್ಚಲ್ಲ," ಎಂದಳು ಟೈಲರಮ್ಮ. "ನನ್ನ ಗಾಲಿ ಯಾರ ಕಾಲ್ಮೇಲೆ ಹತ್ತುತ್ತೆ ಅಂತ ನೋಡ್ಕೊಳ್ಳೋರು ಯಾರು?"

ಅವನು ನಕ್ಕ. ಆರಡಿಯ ಮೇಲೆ ಮೂರಂಗುಲ ಬೆಳೆದ ಆಳು. ಜೊತೆ ಕೆಲಸದವರು ಅವನಿಗೆ ಏಣಿ ಎಂದೇ ಹೆಸರಿಟ್ಟಿದ್ದರು. ಮೂರು ವಾರದಿಂದ ಅವಳನ್ನು ಈ ಮನೆಯ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಮುಂದಿನ ಸೋಮವಾರ ಇಬ್ಬರೂ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕುವುದಿತ್ತು. ಆಮೇಲೆ ಅವಳು ತನ್ನ ಹೊಲಿಗೆ ಮೆಷಿನ್ನು, ಕತ್ತರಿ, ದಾರದ ಉಂಡೆಗಳ ಸಮೇತ ಇಲ್ಲಿಗೆ ಬಂದು, ಅವನ ಮತ್ತು ಅವನ ತಾಯಿಯ ಜೊತೆ ಇರುವುದು ಎಂದು ಮಾತಾಗಿತ್ತು.

ಬೆಡ್‌ಶೀಟು ಸರಿಯಿತು. ಹೊಸ ಮರದ ವಾಸನೆ ಮೂಗಿಗೆ ಬಡಿಯಿತು. ಹಳೆಯ ಕಲ್ಲಿನ ಕಟ್ಟೆಯನ್ನು ಕಿತ್ತುಹಾಕಿ, ಅದರ ಜಾಗದಲ್ಲಿ ಮರದ ಕಟ್ಟೆ ಕೂರಿಸಿದ್ದ. ಕೆಳಗೆ ಗಾಲಿಕುರ್ಚಿ ನುಗ್ಗುವಷ್ಟು ಬಯಲು. ಹಿಂದಿನ ಗೋಡೆಗೆ ಉದ್ದಕ್ಕೂ ಒಂದು ಹಲಗೆ, ಅದರ ಮೇಲೆ ಡಬ್ಬಿಗಳ ಸಾಲು. ಅವಳ ಬಟ್ಟೆ ಸಿಕ್ಕದಿರಲೆಂದು ಅಂಚುಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿದ್ದ. ಒಂದು ಮೊಳೆಯ ತಲೆ ಕೂಡ ಕಾಣುತ್ತಿರಲಿಲ್ಲ. ತನಗಾಗಿ ಯಾರಾದರೂ ಒಂದು ಗೋಡೆಯನ್ನಾದರೂ ಬದಲಿಸಿದ್ದುಂಟೇ ಎಂದು ನೆನೆದು ಅವಳು ದುಂಡಗಿನ ಅಂಚನ್ನು ಬೆರಳಿನಿಂದ ಸವರಿದಳು.

ಗಾಲಿ ತಳ್ಳಿಕೊಂಡು ಕಟ್ಟೆಯ ಕೆಳಕ್ಕೆ ಹೋದಳು. ಹೋದ ಮೇಲೆ ಗೊತ್ತಾಯಿತು. ಕಟ್ಟೆ ಅವಳ ಎದೆಗೆ ಬಂದಿತ್ತು. ಮೇಲೆ ಕೈ ಇಟ್ಟರೆ ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಏರಿದವು. ಅಂಗಡಿಯ ಮುಂದೆ ತುದಿಗಾಲಲ್ಲಿ ನಿಂತ ಮಗುವಿನ ಹಾಗೆ ಕಾಣುತ್ತಿದ್ದೇನೆ ಎಂದುಕೊಂಡಳು. ಇದರ ಮೇಲೆ ಈರುಳ್ಳಿ ಹೆಚ್ಚುವುದು ಎಂತು, ಕುದಿಯುವ ಪಾತ್ರೆ ಇಳಿಸುವುದು ಎಂತು?

"ಹಿಡಿಸ್ತಾ?" ಎಂದ ಅವನು ಹಿಂದಿನಿಂದ.

"ಕುರ್ಚಿಯೇನೋ ಹಿಡಿಸ್ತು," ಎಂದಳು.

ಅವನು ಅದನ್ನು ಹೊಗಳಿಕೆ ಎಂದೇ ತಿಳಿದ. "ಎಲ್ಲಾ ಕೈಗೆ ಸಿಗೋ ಹಾಗೆ ಮಾಡಿದೀನಿ. ಆ ಸಕ್ಕರೆ ಡಬ್ಬಿ ತೆಗಿ, ನೋಡೋಣ."

ಹಲಗೆ ದೂರವಿತ್ತು. ಸೊಂಟದಿಂದ ಕೆಳಗೆ ಹಿಡಿತವಿಲ್ಲದವಳು ಅವಳು. ಹತ್ತು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲಿಂದ ಬಿದ್ದು ಬೆನ್ನುಹುರಿಗೆ ಏಟಾದ ಮೇಲೆ, ಮುಂದಕ್ಕೆ ಬಾಗಬೇಕಾದರೆ ಒಂದು ಕೈ ಏನನ್ನಾದರೂ ಹಿಡಿದಿರಲೇಬೇಕು. ಇದು ಅವಳ ಬೀದಿಯ ಹಾಲಿನವನಿಗೂ ಗೊತ್ತು. ಎಡಗೈಯಲ್ಲಿ ಗಾಲಿ ಹಿಡಿದು ಬಲಗೈ ಚಾಚಿದಳು. ಒಂದು ಗೇಣು ಕಡಿಮೆ ಬಿತ್ತು. ತಿರುಗಿ ನೋಡಿದರೆ ಅವನ ಮುಖ ಪರೀಕ್ಷೆ ಪಾಸಾದ ಹುಡುಗನ ಮುಖದಂತಿತ್ತು. ಆ ಮುಖ ಬಾಡಿಸಲು ಮನಸ್ಸು ಬರಲಿಲ್ಲ. ಹಾಳಾದ್ದು ಎಂದು ಎಡಗೈಯನ್ನೂ ಬಿಟ್ಟಳು.

ಗೋಣಿಚೀಲ ವಾಲಿದ ಹಾಗೆ ಕಟ್ಟೆಯ ಮೇಲೆ ಮುಗ್ಗರಿಸಿದಳು. ಕೆನ್ನೆ ಮರಕ್ಕೆ ಬಡಿಯಿತು, ಡಬ್ಬಿ ಉರುಳಿ ನೆಲಕ್ಕೆ ಬಿದ್ದು ಸಕ್ಕರೆಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಕೆನ್ನೆ ಮರಕ್ಕೊತ್ತಿದ್ದ ಆ ಗಳಿಗೆಯಲ್ಲೇ ಕಣ್ಣಂಚಿನಿಂದ ಅವಳು ಅವನನ್ನು ಕಂಡಳು. ಎರಡು ಕೈಯನ್ನೂ ಮುಂದೆ ಚಾಚಿ, ಅವಳ ಬೆನ್ನಿನಿಂದ ಒಂದು ಅಂಗುಲ ದೂರದಲ್ಲಿ ಹಿಡಿದು, ಮುಟ್ಟಲೋ ಬೇಡವೋ ಎಂದು ಹಾಗೇ ನಿಂತುಬಿಟ್ಟಿದ್ದ.

ಸದ್ದು ಕೇಳಿ ಒಳಗೆ ಬಂದ ಅವನ ತಾಯಿಗೆ ಅಂಥ ಸಂಕೋಚವಿರಲಿಲ್ಲ. "ಅಯ್ಯೋ, ಗರಬಡಿದೋನ ಥರ ನಿಂತಿದ್ದೀಯಲ್ಲೋ!" ಎನ್ನುತ್ತ ಟೈಲರಮ್ಮನ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದರು. ಅಂಗೈಯಿಂದ ಕೆನ್ನೆ ಒರೆಸಿದರು. "ಇದು ನಿನಗೂ ಆಗಲ್ವೇನಮ್ಮ? ನಿನಗೋಸ್ಕರ ಅಂತ ನಾಲ್ಕು ಬೆರಳು ಇಳಿಸಿದ. ಬಗ್ಗೀ ಬಗ್ಗೀ ನನ್ನ ಸೊಂಟ ಬಿದ್ದುಹೋಯ್ತು. ಬಾಯಿ ಮುಚ್ಕೊಂಡು ಸಹಿಸ್ಕೊಂಡೆ, ಬರೋಳಿಗೆ ಅನುಕೂಲ ಆಗ್ಲಿ ಅಂತ. ಈಗ ನೋಡಿದ್ರೆ ಅತ್ತೆಗೂ ಇಲ್ಲ, ಸೊಸೆಗೂ ಇಲ್ಲ."

"ಇದು ಯಾರ ಅಳತೆ?" ಎಂದು ಟೈಲರಮ್ಮ ಅವನನ್ನೇ ಕೇಳಿದಳು.

"ನಿಂದೇ."

"ನಾನು ಯಾವತ್ತು ಕೊಟ್ಟೆ?"

ಅವನು ಕಿವಿಯ ಮೇಲಿನ ಪೆನ್ಸಿಲನ್ನು ತೆಗೆದು ನೋಡಿ ಮತ್ತೆ ಅಲ್ಲೇ ಸಿಕ್ಕಿಸಿದ. "ಬೇರಿಂಗ್ ಹಾಕ್ಸೋಕೆ ಅಂತ ಸೈಕಲ್ ಶಾಪಿಗೆ ಕುರ್ಚಿ ಬಿಟ್ಟಿದ್ಯಲ್ಲ? ವಾಪಸ್ ತರೋವಾಗ ಅರ್ಧ ದಿನ ಇಲ್ಲಿಟ್ಕೊಂಡಿದ್ದೆ. ನಾನೇ ಕೂತು ನೋಡಿದೆ."

"ನಾನೇ ಟೇಪು ಹಿಡಿದಿದ್ದು," ಎಂದರು ತಾಯಿ ಸಕ್ಕರೆ ಗುಡಿಸುತ್ತ. "ಮೊಣಕಾಲು ಎರಡೂ ಗಲ್ಲಕ್ಕೆ ಬಂದಿತ್ತು, ಮಿಡತೆ ಥರ. ಆಗ್ಲೇ ಅಂದೆ, ಅವಳನ್ನೇ ಒಂದ್ಮಾತು ಕೇಳೋ ಅಂತ."

ಟೈಲರಮ್ಮನಿಗೆ ನಗುವೂ ಬಂತು, ಸಿಟ್ಟೂ ಬಂತು, ಗೆದ್ದದ್ದು ಸಿಟ್ಟೇ. ಸಿಟ್ಟು ಬಂದಾಗ ಅವಳ ಬಾಯಲ್ಲಿ ಬಹುವಚನ ಬರುತ್ತಿತ್ತು. "ಯಾಕೆ ಕೇಳಲಿಲ್ಲ ನೀವು?"

"ಕೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ."

"ನನಗೋ, ನಿಮಗೋ?"

ಅವನು ಮತ್ತೆ ಕಿವಿಯ ಮೇಲಿನ ಪೆನ್ಸಿಲಿಗೆ ಕೈ ಹಾಕಿದ.

ಎರಡು ವರ್ಷದ ಹಿಂದೆ ಅವಳು ಮನಸೋತದ್ದು ಏನನ್ನೂ ಕೇಳದ ಅವನ ಈ ಗುಣಕ್ಕೇ. ಬಟ್ಟೆ ಕತ್ತರಿಸುವ ಮೇಜು ಬೇಕೆಂದು ಅವನನ್ನು ಅಂಗಡಿಗೆ ಕರೆಸಿದ್ದಳು. ಬಂದವರೆಲ್ಲ ಐದು ನಿಮಿಷದೊಳಗೆ "ಏನಾಗಿತ್ತಮ್ಮ?" ಎಂದು ಕೇಳಿ, ಉತ್ತರ ಕೇಳುವ ಮೊದಲೇ ಲೊಚಗುಟ್ಟುವವರು. ಇವನೊಬ್ಬ ಮಾತ್ರ ಕೇಳಲಿಲ್ಲ. ಅವಳು ಅಳತೆ ಬರೆದುಕೊಟ್ಟ ಚೀಟಿಯನ್ನು ಜೇಬಿಗಿಟ್ಟುಕೊಂಡು ಹೋದ, ವಾರ ಬಿಟ್ಟು ಕೂದಲೆಳೆ ವ್ಯತ್ಯಾಸವಿಲ್ಲದ ಮೇಜು ತಂದ. ಆಮೇಲೆ ಮೇಜಿನ ಕಾಲು ಅಲುಗುತ್ತದೆಯೇ ನೋಡಲು ಬಂದ. ಅಲುಗದ ಕಾಲನ್ನು ನೋಡಲು ಒಬ್ಬ ಮನುಷ್ಯ ಎಷ್ಟು ಸಲ ಬರಬಹುದೋ ಅಷ್ಟು ಸಲ ಬಂದ. ತನ್ನನ್ನು ಇಡಿಯಾಗಿ ನೋಡುವವನು ಕೊನೆಗೂ ಸಿಕ್ಕಿದ ಎಂದು ಅವಳು ಹಿಗ್ಗಿದ್ದಳು.

ಇಡಿಯಾಗಿ ಎಲ್ಲಿ ನೋಡಿದ? ಅವಳು ಕುರ್ಚಿಯಿಂದ ಆಟೋದ ಸೀಟಿಗೆ ಜಾರಿಕೊಳ್ಳುವಾಗ ಅವನು ಬೀದಿಯ ಆ ಕಡೆ ನೋಡುತ್ತಿದ್ದ. ಕುರ್ಚಿಯನ್ನು ಕುರ್ಚಿ ಎನ್ನುವುದಕ್ಕೂ ಅವನಿಗೆ ಒಂದು ವರ್ಷ ಹಿಡಿದಿತ್ತು. ಕೈ ಹಿಡಿದಿದ್ದ, ಕೂದಲು ನೇವರಿಸಿದ್ದ. ಸೊಂಟದ ಕೆಳಗೆ ಅವಳು ಇಲ್ಲವೇ ಇಲ್ಲ ಎಂಬಂತೆ ಇದ್ದ. ಅದನ್ನು ಮರ್ಯಾದೆ ಎಂದು ಅವಳೂ ತಿಳಿದಿದ್ದಳು. ಈಗ ಅದು ಹೆದರಿಕೆ ಎಂದು ಕಂಡಿತು.

"ಬಚ್ಚಲು ಬಾಗಿಲೂ ಇವನ ಅಳತೇಲೇ ಮಾಡಿದಾನೋ ಏನೋ," ಎಂದರು ತಾಯಿ, ಮೊರದಲ್ಲಿ ಸಕ್ಕರೆ ಎತ್ತಿಕೊಳ್ಳುತ್ತ. "ಸ್ನಾನ ಹೇಗಮ್ಮ ಮಾಡ್ತೀಯ ನೀನು?"

"ಅಮ್ಮಾ!" ಎಂದ ಅವನು.

"ಏನು ಅಮ್ಮಾ? ನಾಳೆ ಈ ಮನೇಲಿ ಸ್ನಾನ ಮಾಡ್ಬೇಕೋ ಬೇಡ್ವೋ ಅವಳು?"

ಟೈಲರಮ್ಮ ಹೇಳಿದಳು. ಸ್ಟೂಲು ಎಷ್ಟು ಎತ್ತರ ಬೇಕು, ಗೋಡೆಗೆ ಹಿಡಿ ಎಲ್ಲಿರಬೇಕು, ಬಿಸಿನೀರನ್ನು ಯಾಕೆ ಮೊದಲು ಕೈಯಲ್ಲಿ ಮುಟ್ಟಿ ನೋಡಬೇಕು. ಕಾಲಿಗೆ ಸುಟ್ಟದ್ದೂ ತಿಳಿಯುವುದಿಲ್ಲ, ಒಮ್ಮೆ ಬೊಬ್ಬೆ ಎದ್ದ ಮೇಲೇ ಗೊತ್ತಾದದ್ದು. ಹೇಳುತ್ತ ಹೇಳುತ್ತ ಅವಳಿಗೆ ಹಗುರವಾಯಿತು. ತಾಯಿ "ಹೌದಾ, ಹಾಗಾ" ಎಂದು ಸೊಪ್ಪಿನ ದರ ಕೇಳುವವರ ಹಾಗೆ ಕೇಳಿದರು. ಬಡಗಿ ಮಾತ್ರ ಕಿಟಕಿಯ ಕಡೆ ತಿರುಗಿ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು.

ತಾಯಿ ಅವನ ಬೆನ್ನನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿ, ಮೊರ ಹಿಡಿದುಕೊಂಡು ಹಿತ್ತಲಿಗೆ ಹೋದರು.

"ಸೋಮವಾರ ಬರೋದು ಕಷ್ಟ," ಎಂದಳು ಟೈಲರಮ್ಮ.

ಅವನು ತಟ್ಟನೆ ತಿರುಗಿದ. "ಒಂದು ಕಟ್ಟೆಗೋಸ್ಕರಾನಾ? ನಾಳೇನೇ ಬಿಚ್ಚಿ ಬೇರೆ ಮಾಡ್ತೀನಿ. ಚೀಟಿ ಬರೆದುಕೊಡು, ಅಂಗುಲ ತಪ್ಪಿದ್ರೆ ನನ್ನ ಕೇಳು."

"ಚೀಟಿ ಎಷ್ಟು ಅಂತ ಬರೀಲಿ? ರಾತ್ರಿ ಕಾಲು ಸೆಟೆದು ಒದ್ದಾಡಿದ್ರೆ ಒಂದು ಚೀಟಿ, ಜ್ವರ ಬಂದ್ರೆ ಒಂದು ಚೀಟಿ? ಆಮೇಲೆ ನಾವಿಬ್ರೂ ಒಂದೇ ಹಾಸಿಗೇಲಿ ಮಲಗೋದಕ್ಕೆ?" ಅವಳ ದನಿ ನಡುಗಿತು. "ನೀನು ಆ ಕಡೆ ನೋಡ್ತಾ ಇದ್ರೆ ನನಗೆ ಬದುಕೋಕಾಗಲ್ಲ, ಮೇಸ್ತ್ರಿ. ಒಬ್ಬಳೇ ಇದ್ದಾಗ ಯಾರೂ ಆ ಕಡೆ ನೋಡ್ತಿರಲಿಲ್ಲ. ಅಷ್ಟಾದ್ರೂ ಇತ್ತು."

ಅವನು ಗೋಡೆಗೆ ಒರಗಿದ. "ನನಗೆ ಹೆದರಿಕೆ," ಎಂದ. "ಏನಾದ್ರೂ ತಪ್ಪಾಗಿ ಮುಟ್ಟಿ... ಇನ್ನೂ ಹಾಳು ಮಾಡಿಬಿಟ್ರೆ ಅಂತ."

ಅವಳು ಕೊರಳಲ್ಲಿ ಇಳಿಬಿಟ್ಟಿದ್ದ ಬಟ್ಟೆಯ ಟೇಪನ್ನು ತೆಗೆದು ಅವನ ಮುಂದೆ ಹಿಡಿದಳು. "ಅಳತೆ ತಗೋ."

ಅವನು ತನ್ನ ಸೊಂಟಕ್ಕೆ ಸಿಕ್ಕಿಸಿದ್ದ ಸ್ಟೀಲ್ ಟೇಪಿಗೆ ಕೈ ಹಾಕಿದ.

"ಅದು ಬೇಡ. ಅದು ಮೈಗೆ ಬಗ್ಗಲ್ಲ."

ಬಡಗಿ ನೆಲದ ಮೇಲೆ ಕುಳಿತ. ಕುಳಿತರೂ ಅವನ ತಲೆ ಅವಳ ಭುಜಕ್ಕೆ ಬರುತ್ತಿತ್ತು. ಮೊಣಕೈಯ ಎತ್ತರ ತೆಗೆದ, ಬರೆದುಕೊಂಡ. ತೋಳಿನ ಉದ್ದ ತೆಗೆದ, ಬರೆದುಕೊಂಡ. ಅಂಕಿಗಳನ್ನು ನೋಡಿ ತನ್ನಷ್ಟಕ್ಕೇ ತಲೆ ಕೊಡವಿದ. ಎಷ್ಟು ತಪ್ಪಿತ್ತು ಎಂದು ಈಗ ತಿಳಿಯಿತು. ಮೊಣಕಾಲಿಗೆ ಬಂದಾಗ ಕೈ ನಿಧಾನವಾಯಿತು. ಟೇಪಿನ ತುದಿಯನ್ನು ಅವಳ ಕಾಲಿನಿಂದ ಎರಡು ಬೆರಳು ಆಚೆಗೇ ಹಿಡಿದ.

"ಗಾಳಿ ಅಳೀತಿದ್ದೀಯೇನೋ?" ಎಂದಳು.

ಅವನು ಕೈಯನ್ನು ಹತ್ತಿರ ತಂದ. ಟೇಪನ್ನು ಒತ್ತಿ ಹಿಡಿದು, ಅದು ಜಾರದಿರಲೆಂದು ಇನ್ನೊಂದು ಅಂಗೈಯನ್ನು ಅವಳ ಮೊಣಕಾಲಿನ ಮೇಲಿಟ್ಟ. ಮರ ನಯಮಾಡುವ ಕೀಸುಳಿ ಹಿಡಿದು ಜಡ್ಡುಗಟ್ಟಿದ ದೊಡ್ಡ ಕೈ; ಮೊಣಕಾಲು ಅದರೊಳಗೆ ಮುಚ್ಚಿಹೋಯಿತು. ಕೈ ಇಟ್ಟದ್ದು ಅವಳ ಕಣ್ಣಿಗೆ ಕಂಡಿತು, ಮೈಗೆ ತಿಳಿಯಲಿಲ್ಲ. ಹತ್ತು ವರ್ಷದಲ್ಲಿ ವೈದ್ಯರು, ನರ್ಸುಗಳು ಮುಟ್ಟಿದ್ದರು, ಆಗೆಲ್ಲ ಅವಳಿಗೆ ಏನೂ ಅನ್ನಿಸಿರಲಿಲ್ಲ. ಇವತ್ತು ತಿಳಿಯದೇ ಹೋದದ್ದಕ್ಕೆ ಅಳು ಬಂತು.

ಅವನು ತಲೆ ಎತ್ತಿ ಅವಳ ಮುಖ ನೋಡಿದ. ಕಿಟಕಿಯ ಕಡೆ ನೋಡಲಿಲ್ಲ.

"ಗೊತ್ತಾಗ್ತಿದ್ಯಾ?" ಎಂದು ಕೇಳಿದ.

ಹ್ಞೂಂ ಎಂದುಬಿಡಬಹುದಿತ್ತು. ಅವನಿಗೆ ಸಂತೋಷವಾಗುತ್ತಿತ್ತು.

"ಇಲ್ಲ," ಎಂದಳು.

ಅವನ ಮುಖ ಸಣ್ಣದಾಯಿತು, ಕೈ ಮಾತ್ರ ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಒಂದು ಗೇಣು ಮೇಲಕ್ಕೆ ಸರಿಯಿತು.

"ಇಲ್ಲಿ?"

"ಇಲ್ಲ."

ಹಿತ್ತಲಿನಲ್ಲಿ ತಾಯಿ ಮೊರವನ್ನು ಕಲ್ಲಿಗೆ ಕುಟ್ಟಿ ಕೊಡವುತ್ತಿದ್ದರು. ಅವನು ತನ್ನ ಕೈಯನ್ನೇ ನೋಡುತ್ತಿದ್ದ. ಅವಳು ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಮುಂದೆ ಕೇಳು," ಎಂದಳು.