ಸೌಜನ್ಯ ಯಾರು?

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದ ಮೇಲೆ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ. ಹಾಗೆ ಕರೆದ ಹೆಸರೂ ಬೇರೆಯವಳದ್ದಾದರೆ ಯಾವ ಹೆಂಡತಿ ತಾನೇ ಸುಮ್ಮನಿದ್ದಾಳು? ಕೌಸಲ್ಯಾ ಸುಮ್ಮನಿದ್ದಳು. ಇಲಿಯ ಬಿಲದ ಮುಂದೆ ಬೆಕ್ಕು ಸುಮ್ಮನಿರುತ್ತದಲ್ಲ, ಹಾಗೆ.

ಆದದ್ದು ಇಷ್ಟು. ಆರ್.ಟಿ. ನಗರದ ಅವರ ಹಳೇ ಮನೆಯ ವರಾಂಡದಲ್ಲಿ ಒಂದು ಬೆಳಿಗ್ಗೆ ಜಯಸಿಂಹ ಪೇಪರ್ ಓದುತ್ತಾ ಕೂತಿದ್ದ. ಕೌಸಲ್ಯಾ ಕಾಫಿ ತಂದಳು. ಅವನು ತಲೆ ಎತ್ತಿ, ಲೋಟದ ಕಡೆ ನೋಡುತ್ತಾ, "ಸೌಜನ್ಯ, ಕಿಟಕಿ ಕೊಡು" ಅಂದ. ಕೊಟ್ಟ ಲೋಟ ಅವನ ಬಲಗೈಯಿಂದ ಜಾರಿ ಕಾಫಿಯೆಲ್ಲ ಪೇಪರಿನ ಮೇಲೆ ಚೆಲ್ಲಿತು. ಕಾಫಿಗೆ ಕಿಟಕಿ ಅಂತ ಯಾಕಂದ, ಹಿಡಿದ ಲೋಟ ಯಾಕೆ ಬಿತ್ತು ಅಂತ ಅವಳು ಯೋಚಿಸಲೇ ಇಲ್ಲ. ಮೊದಲನೇ ಮಾತೇ ಕಿವಿಯಲ್ಲಿ ಕೂತುಬಿಟ್ಟಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವನು ಬಚ್ಚಲುಮನೆಯಿಂದ ಎಂದಿನ ಗಂಟಲಲ್ಲಿ "ಕೌಸಲ್ಯಾ, ಟವೆಲ್ ಎಲ್ಲೇ?" ಅಂತ ಕೂಗಿದ. ಹೆಸರು ಸರಿಯಾಗಿಯೇ ಇತ್ತು. ನಾಲಿಗೆ ತಪ್ಪಿದ್ದನ್ನು ತಿದ್ದಿಕೊಂಡ ಕಳ್ಳ ಅಂತ ಅವಳು ಅಂದುಕೊಂಡಳು.

ಸೌಜನ್ಯ ಯಾರು ಅಂತ ಅವಳಿಗೆ ಗೊತ್ತಿತ್ತು. ಯಶವಂತಪುರದಲ್ಲಿ ಜಯಸಿಂಹ ಕೆಲಸ ಮಾಡುವ ಪಂಪ್‌ಸೆಟ್ ಕಂಪನಿಯ ಅಕೌಂಟ್ಸಿಗೆ ಹೊಸದಾಗಿ ಸೇರಿದವಳು. "ಚುರುಕು ಹುಡುಗಿ ಕಣೇ" ಅಂತ ಇವನೇ ಒಂದು ಸಲ ಊಟ ಮಾಡುವಾಗ ಹೊಗಳಿದ್ದ. ಮನೆಯ ಹೆಂಗಸು ಮಾಡಿದ ಹುಳಿಯನ್ನು ಹೊಗಳಲು ಬಾರದ ಬಾಯಿ ಅದು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಜಯಸಿಂಹನೂ ಹಳದಿ ಬಣ್ಣವನ್ನೇ ಬಳಿದುಕೊಂಡು ಓಡಾಡುತ್ತಿದ್ದ. ಮರುದಿನದಿಂದಲೇ ಬೆಳಗಿನ ವಾಕಿಂಗ್ ಶುರುವಾಯಿತು. ಬಾಲ್ಯದಿಂದ ಉಪ್ಪಿನಕಾಯಿ ಇಲ್ಲದೆ ತುತ್ತೆತ್ತದವನು ಭರಣಿಯನ್ನೇ ಪಕ್ಕಕ್ಕೆ ಸರಿಸಿ, "ಸಾರಿಗೂ ಉಪ್ಪು ಕಮ್ಮಿ ಹಾಕೇ" ಅಂದ. ಐವತ್ತೇಳರ ಗಂಡಸು ಹೊಟ್ಟೆ ಕರಗಿಸಲು ಹೊರಟರೆ ಅದು ಹೆಂಡತಿಗೋಸ್ಕರ ಅಲ್ಲ ಅಂತ ಕೌಸಲ್ಯಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಗೆಯಲು ಹಾಕಿದ ಶರಟನ್ನು ಮೂಸಿ ನೋಡಿದಳು. ಸೆಂಟಿನ ವಾಸನೆ ಇರಲಿಲ್ಲ. ಸಿಗರೇಟಿನ ವಾಸನೆಯೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಇಷ್ಟು ವರ್ಷ ತಾನು ಗೋಗರೆದರೂ ಬಿಡದ ಸಿಗರೇಟನ್ನು ಯಾವಳ ಒಂದು ಮಾತಿಗೆ ಬಿಟ್ಟ? ಆಫೀಸ್ ಬ್ಯಾಗಿನ ತಳದಲ್ಲಿ ಮಾತ್ರೆಯ ಸ್ಟ್ರಿಪ್ ಸಿಕ್ಕಿತು. ಬೀಪಿ ಮಾತ್ರೆಯನ್ನು "ಚೆನ್ನಾಗೇ ಇದೀನಲ್ಲ" ಅಂತ ಎರಡು ವರ್ಷದ ಹಿಂದೆಯೇ ಬಿಟ್ಟವನು, ಇದು ಯಾವ ಮಾತ್ರೆಯೋ. ಈ ವಯಸ್ಸಿನ ಗಂಡಸರು ಕದ್ದು ನುಂಗುವ ಮಾತ್ರೆಗಳ ವಿಷಯ ಅವಳೂ ಕೇಳಿದ್ದಳು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದುಕೊಂಡಳು.

ಮನೆಯಲ್ಲೇ ಇದ್ದ ಮಗ ಸಮರ್ಥನಿಗೆ ಹೇಳೋಣವೆಂದರೆ ಅವನು ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವವನು. ಅಪ್ಪನ ಮಾನ ಮಗನ ಮುಂದೆ ಹರಾಜಾಗುವುದು ಅವಳಿಗೆ ಬೇಡವಾಗಿತ್ತು. ಸಾಕ್ಷಿ ಸಿಗಲಿ ಅಂತ ಕಾದಳು.

ಸಾಕ್ಷಿ ಮೂರನೇ ವಾರ ಸಿಕ್ಕಿತು. ಭಾನುವಾರ ಬೆಳಿಗ್ಗೆ ಜಯಸಿಂಹ ಫೋನ್ ಹಿಡಿದು ತಾರಸಿಗೆ ಹೋದ. ಕೌಸಲ್ಯಾ ಒಗೆದ ಬಟ್ಟೆಯ ಬಕೆಟ್ ಹಿಡಿದು ಮೆಟ್ಟಿಲ ತುದಿಯ ಬಾಗಿಲ ಹಿಂದೆ ನಿಂತಳು.

"ನಿಂಗೆ ಹೇಗೆ ಶುರುವಾಯ್ತು, ಅದು ಹೇಳು" ಅನ್ನುತ್ತಿದ್ದ ಜಯಸಿಂಹ, ಮೆತ್ತಗೆ. "ಹ್ಞೂಂ, ನಂಗೂ ಹಂಗೇ. ಒಂದು ಹತ್ತು ನಿಮಿಷ, ಆಮೇಲೆ ಏನೂ ಆಗೇ ಇಲ್ಲ ಅನ್ನೋ ಥರ. ನಿನ್ನೆ ಇನ್ನೊಂದ್ಸಲ ಆಯ್ತು. ಇಲ್ಲಪ್ಪ, ಮನೇಲಿ ಗೊತ್ತಿಲ್ಲ. ಕೌಸಲ್ಯಾಗೆ ಗೊತ್ತಾದ್ರೆ ತಡ್ಕೊಳಲ್ಲ ಅವಳು."

ಬಕೆಟ್ಟನ್ನು ಅಲ್ಲೇ ಇಟ್ಟು ಅವಳು ಕೆಳಗಿಳಿದಳು. ಅಡುಗೆಮನೆಯ ಗಡಿಯಾರದಲ್ಲಿ ಏಳೂ ನಲವತ್ತು. ಇವತ್ತಿಗೆ ಇದು ಮುಗಿಯಬೇಕು ಅಂದುಕೊಂಡಳು.

ಜಗಳಕ್ಕೆ ಅವಳು ಆರಿಸಿಕೊಂಡ ಜಾಗ ದೇವರ ಮನೆ. ಜಯಸಿಂಹ ಎಲ್ಲಿ ಬೇಕಾದರೂ ಸುಳ್ಳು ಹೇಳಿಯಾನು, ದೇವರ ಮುಂದೆ ಮಾತ್ರ ಹೇಳುವವನಲ್ಲ. ಸ್ನಾನ ಮಾಡಿ ಬಂದು ದೀಪ ಹಚ್ಚಿ ನಿಂತಿದ್ದವನ ಹಿಂದೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ರೀ, ಇಲ್ಲಿ ತಿರುಗಿ. ಸೌಜನ್ಯ ಯಾರು?"

ಜಯಸಿಂಹ ತಿರುಗಿದ. ತುಟಿಯ ಒಂದು ಕೊನೆ ಮಾತ್ರ ಎದ್ದು ನಕ್ಕ ಹಾಗೆ ಕಂಡಿತು. ಸಿಕ್ಕಿಬಿದ್ದ ಮೇಲೂ ಕೊಂಕುನಗೆಯೇ ಅಂತ ಅವಳಿಗೆ ಮೈ ಉರಿಯಿತು.

"ನಗ್ಬೇಡಿ. ಎರಡೂ ಕೈ ಮೇಲಕ್ಕೆತ್ತಿ, ದೇವರ ಮೇಲೆ ಆಣೆ ಇಟ್ಟು ಹೇಳಿ. ನಂಗೆ ಕೌಸಲ್ಯಾನ ಬಿಟ್ಟು ಬೇರೆ ಯಾರೂ ಇಲ್ಲ ಅಂತ ಒಂದೇ ಒಂದು ಮಾತು ಹೇಳ್ಬಿಡಿ, ಸಾಕು."

ಅವನು ಎರಡೂ ಕೈ ಎತ್ತಿದ. ಎಡಗೈ ತಲೆಯ ಮೇಲೆ ನಿಂತಿತು. ಬಲಗೈ ಎದೆಯ ತನಕ ಬಂದು, ನಡುಗಿ, ತಾನಾಗಿಯೇ ಕೆಳಗಿಳಿಯಿತು. ಅವನು ಮತ್ತೆ ಎತ್ತಿದ. ಮತ್ತೆ ಇಳಿಯಿತು. ಬಾಯಿ ತೆರೆದ. ಬಂದದ್ದು ಮಾತಲ್ಲ, ತೊದಲೂ ಅಲ್ಲ, ಎಲ್ಲ ಅಕ್ಷರ ಕಲಸಿದ ಮುದ್ದೆ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಅವನ ಕಣ್ಣೇ ಬೆದರಿತು.

ಆಣೆ ಮಾಡಲಾರದೆ ಕೈ ಇಳಿಸಿದ ಅಂತ ಒಂದು ಕ್ಷಣ ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಅವಳು ಗಂಡನ ಮುಖವನ್ನು ನೋಡಿದಳು, ಕಳ್ಳನ ಮುಖವನ್ನಲ್ಲ. ಬಲಗೆನ್ನೆ ಜೋತುಬಿದ್ದು ತುಟಿಯಿಂದ ಜೊಲ್ಲು ಇಳಿಯುತ್ತಿತ್ತು. ಹೋದ ದಸರೆಯಲ್ಲಿ ಭಜನಾ ಮಂಡಳಿಗೆ ಬಂದಿದ್ದ ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಯಿತು. ನಗಿಸಿ ನೋಡಿ, ಎರಡೂ ಕೈ ಎತ್ತಿಸಿ ನೋಡಿ, ಒಂದು ಮಾತು ಹೇಳಿಸಿ ನೋಡಿ. ಒಂದು ಕೆಟ್ಟಿದ್ದರೂ ಲಕ್ವ ಅಂತಲೇ ತಿಳಿದು ಓಡಿ. ತಾನು ಆಣೆ ಮಾಡಿಸಲು ಹೋಗಿ ಮೂರನ್ನೂ ಮಾಡಿಸಿಬಿಟ್ಟಿದ್ದಳು.

"ಸಮರ್ಥ, 108ಕ್ಕೆ ಫೋನ್ ಮಾಡೋ. ಅಪ್ಪಂಗೆ ಲಕ್ವ."

ನಿದ್ದೆಗಣ್ಣಲ್ಲಿ ಓಡಿಬಂದ ಸಮರ್ಥ ಅಪ್ಪನನ್ನು ಹಿಡಿದು ಕೂರಿಸಿದ. ಪಕ್ಕದ ಮನೆಯ ಲಕ್ಕಣ್ಣನವರು ಬಂದು, "ಗ್ಯಾಸ್ ಇರ್ಬೇಕು ಕಣ್ರೀ, ಬಿಸಿನೀರು ಕುಡಿಸಿ ಮಲಗಿಸಿ, ಸಂಜೆಗೆ ನೋಡೋಣ" ಅಂದರು. "ಬಾಯಿಗೆ ಒಂದು ಹನಿನೂ ಬೇಡ, ಉಸಿರಿಗೆ ಸಿಕ್ಕೊಂಡ್ರೆ?" ಅಂತ ಕೌಸಲ್ಯಾ ಲೋಟವನ್ನು ಕಿತ್ತುಕೊಂಡಳು. ಹಿರಿಯರ ಎದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲು.

ಹೆಬ್ಬಾಳದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಚಿಕ್ಕ ವಯಸ್ಸಿನ ಡಾಕ್ಟರ್ ಹೊರಗೆ ಬಂದು ಕೇಳಿದಳು. "ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ. ಕರಗಿಸೋ ಇಂಜೆಕ್ಷನ್ ಇದೆ, ಆದ್ರೆ ಹೊತ್ತು ಮೀರಿದ್ರೆ ಕೊಡೋ ಹಾಗಿಲ್ಲ. ಕೊನೇ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ? ಅಂದಾಜು ಬೇಡ."

"ಏಳೂ ನಲವತ್ತಕ್ಕೆ ಚೆನ್ನಾಗಿ ಮಾತಾಡ್ತಿದ್ರು."

"ಖಂಡಿತಾನಾ?"

"ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ" ಅಂದಳು ಕೌಸಲ್ಯಾ.

ಡಾಕ್ಟರ್ ಗಡಿಯಾರ ನೋಡಿ, ಹೊತ್ತಿದೆ ಅಂತ ಒಳಗೆ ಓಡಿದಳು. ಕೌಸಲ್ಯಾ ಬೆಂಚಿನ ಮೇಲೆ ಕೂತಳು. ಅವಳ ಸೆರಗಿನಲ್ಲಿದ್ದ ಗಂಡನ ಫೋನ್ ಬಡಿದುಕೊಂಡಿತು. ಬೆಳಿಗ್ಗೆ ಅವನು ಮಾತಾಡಿದ ನಂಬರೇ ಇರಬೇಕು. ಇನ್ನು ಯಾರಾದರೇನು ಅಂತ ಎತ್ತಿದಳು.

"ಜಯಸಿಂವಾ..." ಅಂದಿತು ಒಂದು ಗಂಡು ದನಿ. ಒಂದೊಂದು ಮಾತನ್ನೂ ಎಳೆದು ತಂದು ಇಡುತ್ತಿತ್ತು. "ಡಾಕ್ಟ್ರತ್ರ... ಓದ್ಯೇನಯ್ಯ?"

ಕೌಸಲ್ಯಾ ಯಾರೆಂದು ಕೇಳಿದಳು. ಮುನಿವೆಂಕಟಯ್ಯ. ಜಯಸಿಂಹನ ಜೊತೆಗೇ ಕೆಲಸಕ್ಕೆ ಸೇರಿದವನು, ಲಕ್ವ ಹೊಡೆದು ಕೆಲಸ ಬಿಟ್ಟು ರಾಜಾನುಕುಂಟೆಯ ತನ್ನ ಮನೆ ಸೇರಿದವನು.

"ನಂಗೂ ಇಂಗೇ ಕಣವ್ವ ಆಗಿದ್ದು. ಎಸರು ತಪ್ಪೋದು, ಕೈ ಜೋಮು ಇಡಿಯೋದು, ಆಮೇಲೆ ಸರಿ ಓಗೋದು. ಸರಿ ಓಯ್ತು ಅಂತ ಸುಮ್ಕಿದ್ದೆ, ಬಿದ್ದೆ. ವಾಕಿಂಗು, ಬೀಪಿ ಮಾತ್ರೆ ಎಲ್ಲಾ ಸರಿ, ಮೊದ್ಲು ಡಾಕ್ಟ್ರಿಗೆ ತೋರ್ಸು, ಎಂಡ್ರಿಗೆ ಏಳು ಅಂತ ದಿನಾ ಬಡ್ಕೊಂಡೆ. ಅವಳು ಎದರ್ತಾಳೆ ಅಂದ."

ಕೌಸಲ್ಯಾ ಫೋನ್ ಇಟ್ಟಳು. ಗಂಡ ಏನನ್ನೋ ಮುಚ್ಚಿಡುತ್ತಿದ್ದಾನೆ ಅನ್ನುವ ಅವಳ ಅನುಮಾನ ನೂರಕ್ಕೆ ನೂರು ನಿಜವಾಗಿತ್ತು. ಹಾಳಾದ ಅನುಮಾನ, ನಿಜವಾಗಿದ್ದೂ ಕೆಲಸಕ್ಕೆ ಬರಲಿಲ್ಲ. ಡಾಕ್ಟರ್ ಮತ್ತೆ ಬಂದು, ಹಿಂದೆ ಯಾವಾಗಲಾದರೂ ಹೀಗೆ ಆಗಿತ್ತೇ ಎಂದು ಕೇಳಿದಾಗ, ಆಗಿತ್ತು, ನನ್ನ ಕಣ್ಣೆದುರೇ ಆಗಿತ್ತು ಅಂದಳು. ಹತ್ತು ನಿಮಿಷದಲ್ಲಿ ಸರಿಹೋದರೂ ಅವತ್ತೇ ಬರಬೇಕಿತ್ತು ಅಂದಳು ಡಾಕ್ಟರ್, ಬೈಯುವ ದನಿಯಲ್ಲೇನೂ ಅಲ್ಲ. "ಯಾಕಮ್ಮ ನಂಗೆ ಹೇಳ್ಲಿಲ್ಲ?" ಅಂತ ಸಮರ್ಥ ಕೇಳಿದ.

ಮರುದಿನ ಮಧ್ಯಾಹ್ನ ಒಳಗೆ ಬಿಟ್ಟರು. ಜಯಸಿಂಹನಿಗೆ ಒಂದೊಂದೇ ಮಾತು ಬರುತ್ತಿತ್ತು. ಬಲಗೈ ಹಾಸಿಗೆಯಿಂದ ಒಂದು ಗೇಣು ಏಳುತ್ತಿತ್ತು. ಇದು ಇನ್ನೂ ಸುಧಾರಿಸುತ್ತದೆ, ಎಷ್ಟು ಅಂತ ಈಗಲೇ ಹೇಳಲಾಗದು ಅಂದಿದ್ದರು.

"ಮುನಿವೆಂಕಟಯ್ಯನವರು ಫೋನ್ ಮಾಡಿದ್ರು" ಅಂದಳು ಕೌಸಲ್ಯಾ. "ನಂಗೆ ಹೇಳಿದ್ರೆ ಏನ್ ಗಂಟು ಹೋಗ್ತಿತ್ತು ರೀ ನಿಮ್ದು?"

ಅವನು ಮುಖ ತಿರುಗಿಸಿದ. "ಭಯ" ಅಂದ. ಮತ್ತೆ ಅವಳ ಕಡೆ ನೋಡಿ, "ನೀನ್... ಯಾಕೆ... ಕೇಳ್ಲಿಲ್ಲ?" ಅಂದ.

ಅವಳು ಹೇಳಿದಳು. ಶರಟು ಮೂಸಿದ್ದು, ಬ್ಯಾಗು ತಡಕಿದ್ದು, ಅಕೌಂಟ್ಸಿನ ಹುಡುಗಿಯನ್ನು ಮನಸ್ಸಿನಲ್ಲೇ ದಿನಕ್ಕೆ ಹತ್ತು ಸಲ ಶಪಿಸಿದ್ದು, ಒಂದನ್ನೂ ಬಿಡದೆ ಹೇಳಿದಳು. ಕೇಳುತ್ತಾ ಕೇಳುತ್ತಾ ಜಯಸಿಂಹನಿಗೆ ನಗು ಬಂತು. ಅರ್ಧ ಮುಖ ನಕ್ಕಿತು. ನಗದೇ ಉಳಿದ ಇನ್ನರ್ಧವನ್ನು ನೋಡಿ ಕೌಸಲ್ಯಾ ಅಳತೊಡಗಿದಳು.