ಕೆಂಪು ಮಣಿ

ನಗುತ್ತಿದ್ದಾಳೆ, ಪಕ್ಕದ ಮೇಜಿನ ಟೆಸ್ಟಿಂಗ್ ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಾಳೆ, ಮೇಡಂ ಇಲ್ನೋಡಿ, ಪೇಷೆಂಟಿಗೆ ಜ್ವರ, ಮೈಮೇಲೆಲ್ಲಾ ಕೆಂಪು ಮಣಿ ಎದ್ದಿದೆಯಂತೆ, ಕಿತ್ತು ಸರ ಪೋಣಿಸ್ಬೋದು — ನಗಲಿ ಪಾಪ, ಅವಳಿಗೇನು ಗೊತ್ತು, ತಪ್ಪು ನನ್ನ ನಿಯಮದ್ದು, ಆಸ್ಪತ್ರೆಗಳಿಂದ ಬರುವ ನಿಜವಾದ ರೋಗಿಗಳ ವಿವರ ನಮ್ಮ ಆಸ್ಪತ್ರೆ ಸಾಫ್ಟ್‌ವೇರಿನ ಪರೀಕ್ಷೆಗೆಂದು ಇವಳ ಕೈಗೆ ಹೋಗುವ ಮುಂಚೆ ಅವರ ಗುರುತು ಮರೆಮಾಡುವುದು ನನ್ನ ಕೆಲಸ, ಕಂಪ್ಯೂಟರಿಗೆ ಒಂದು ಸಲ ಬರೆದಿಟ್ಟರೆ ಯಾವ ಆಸ್ಪತ್ರೆ ಬಂದರೂ ಅದೇ ನಿಯಮ, ಹೆಸರಿಗೆ ಬೇರೆ ಹೆಸರು, ಹುಟ್ಟಿದ ದಿನ ಆಚೀಚೆ, ಸಾವಿನ ಕಾಲಂ ಖಾಲಿ, ಅಬ್ಬಾ ಎಷ್ಟು ಸಲೀಸು, ಎಲ್ಲರೂ ಬದುಕಿಬಿಡುತ್ತಾರೆ — ಎತ್ತಿ ಹಿಡಿದ ಹಳದಿ ಅಂಗಿ, ಬೇಡ, ಈಗ ಬೇಡ — ಈ ಸಲ ಬಂದದ್ದು ನನ್ನ ಮಗಳು ತೀರಿಕೊಂಡ ಆಸ್ಪತ್ರೆ, ಯಾರಿಗೂ ಹೇಳಲಿಲ್ಲ, ಮಗು ಹೋಯಿತೆಂದು ಇಲ್ಲಿ ಎಲ್ಲರಿಗೂ ಗೊತ್ತು, ಎಲ್ಲಿ ಎಂದು ಯಾರೂ ಕೇಳಿಲ್ಲ, ಅವಳ ದಾಖಲೆಯೂ ಅದರಲ್ಲಿತ್ತು, ಶಾಲೆಗೆ ಕೊಟ್ಟಿದ್ದ ಹೆಸರು ನಿಯಮದ ಪ್ರಕಾರ ತಾನಾಗಿಯೇ ಮಣಿ ಆಯಿತು, ಸರಿ, ಆದರೆ ನರ್ಸಮ್ಮ ಷರಾದಲ್ಲಿ ಮನೆಯ ಹೆಸರನ್ನೇ ಬರೆದಿದ್ದಾರೆ, ಚುಕ್ಕಿ ಎರಡು ತುತ್ತು ತಿಂದಳು, ಚುಕ್ಕಿ ಸೂಜಿಗೆ ಅಳಲಿಲ್ಲ, ಮತ್ತೇನು ಬರೆದಾರು, ಬೇರೆ ಹೆಸರಿಂದ ಕರೆದರೆ ಆ ಬಜಾರಿ ತಿರುಗಿಯೂ ನೋಡುತ್ತಿರಲಿಲ್ಲ, ಅದನ್ನು ಇವರೆಲ್ಲ ಗಟ್ಟಿಯಾಗಿ ಓದಿದರೆ ನನಗೆ ತಡೆಯಲಾಗದು ಎಂದು ನಿಯಮಕ್ಕೆ ಕೈಯಾರೆ ಒಂದು ಸಾಲು ಸೇರಿಸಿದೆ, ಚುಕ್ಕಿ ಎಂದು ಕಂಡಲ್ಲೆಲ್ಲ ಮಣಿ — ಕಂಡಲ್ಲೆಲ್ಲ ಎಂದರೆ ಕಂಡಲ್ಲೆಲ್ಲ, ಮಗು ಯಾವುದು ಕಲೆ ಯಾವುದು ಎಂದು ಅದಕ್ಕೇನು ಗೊತ್ತು.

ಮೇಡಂ, ನಿಯಮದಲ್ಲಿ ಈ ಸಾಲು ನೋಡಿ, ಚುಕ್ಕಿ ಅಂತ ಯಾರಾದ್ರೂ ಹೆಸರಿಡ್ತಾರಾ, ತೆಗೆದ್ಬಿಡಿ ಅದನ್ನ, ಇಲ್ಲಾಂದ್ರೆ ಎಲ್ಲಾ ಆಸ್ಪತ್ರೆಲೂ ಮಣಿ ಏಳುತ್ತೆ — ಇಡ್ತಾರಮ್ಮ, ಇಟ್ಟಿದ್ದೆವು, ಹುಟ್ಟುವಾಗಲೇ ಗಲ್ಲದ ಮೇಲೊಂದು ಮಚ್ಚೆ, ಅವಳಪ್ಪ ಎತ್ತಿಕೊಂಡವರೇ ಏನೇ ಚುಕ್ಕಿ ಅಂದರು, ಅದೇ ಹೆಸರಾಯಿತು — ತೆಗೆಯಲೇಬೇಕು, ಗೊತ್ತು, ಆದರೆ ದಿನಾ ಬೆಳಿಗ್ಗೆ ಇವಳೇ ಪರದೆಯ ಮೇಲೆ ನನ್ನ ಮಗಳನ್ನು ದಾಖಲು ಮಾಡಿ, ಜ್ವರ ಇಳಿಸಿ, ಡಿಸ್ಚಾರ್ಜ್ ಬಟನ್ ಒತ್ತಿ, ಮಣಿ ಮನೆಗೆ ಹೋದ್ಲು ಮೇಡಂ ಎಂದು ಕೂಗುತ್ತಾಳೆ, ನಾನು ಹೂಂ ಎನ್ನುತ್ತೇನೆ, ಆ ಒಂದು ಹೂಂ ಎನ್ನುವುದಕ್ಕೇ ಎದ್ದು ಆಫೀಸಿಗೆ ಬರುತ್ತೇನೆ, ಯಾರಿಗೆ ಹೇಳಲಿ ಇದನ್ನು, ಮಣಿಯಾದರೆ ಹೂಂ ಎನ್ನಬಹುದು, ನಾಳೆ ಚುಕ್ಕಿ ಮನೆಗೆ ಹೋದ್ಲು ಎಂದುಬಿಟ್ಟರೆ — ಥೂ, ಅಳಿಸು, ಅಳಿಸಿದೆ, ನಿಯಮ ಮತ್ತೆ ಓಡಿತು, ಹಾಂ ಸರಿಹೋಯ್ತು ಮೇಡಂ, ಮೈಮೇಲೆಲ್ಲಾ ಕೆಂಪು ಚುಕ್ಕಿ, ಅಯ್ಯೋ, ಇಲ್ಲಿ ಚುಕ್ಕಿ ಎರಡು ತುತ್ತು ತಿಂದಳು ಅಂತಿದೆ, ಯಾರ್ ಮೇಡಂ ಇದು — ಯಾರೋ ಮಗು ಇರ್ಬೇಕು ಕಣೆ, ಎಂದೆ, ನಾನೇ ಎಂದೆ, ನನ್ನ ಬಾಯಿಂದಲೇ, ಯಾರೋ ಮಗು — ಹಾಸಿಗೆಯ ಮೇಲೆ ನಿಂತಿದ್ದಾಳೆ, ಹಳದಿ ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಾಳೆ, ಜ್ವರದ ಕಣ್ಣು, ಹೊಟ್ಟೆಯ ತುಂಬ ಕೆಂಪು ಕೆಂಪು, ನಗುತ್ತಿದ್ದಾಳೆ, ಅಮ್ಮಾ ಇಲ್ನೋಡು, ಚುಕ್ಕಿ ಮೇಲೆ ಚುಕ್ಕಿ, ಮೈತುಂಬಾ ನಾನೇ — ಹಳದಿ ಅಂಗಿ — ಮೈತುಂಬಾ ನಾನೇ —