ಬೆಚ್ಚನೆಯ ಕಡಲಿನ ಕಲ್ಲಿಗೆ ಒಂದು ಉದ್ಧರಣೆ ನೀರು

ನಾನೊಂದು ಕಲ್ಲು. ಮುಷ್ಟಿಯಷ್ಟಿದ್ದೇನೆ, ಬೂದು ಬಣ್ಣ, ಮೈತುಂಬ ಸುರುಳಿ. ಕಲ್ಲಾಗುವ ಮೊದಲು ಕಡಲಿನ ಪ್ರಾಣಿಯಾಗಿದ್ದೆ. ಸುರುಳಿ ಚಿಪ್ಪಿನೊಳಗೆ ಕೂತು, ನೀರು ಚಿಮ್ಮಿಸುತ್ತ ಈಜುತ್ತಿದ್ದೆ. ಒಂಬತ್ತು ಕೋಟಿ ವರ್ಷದ ಹಿಂದಿನ ಮಾತು.

ಆಗ ಬೆಂಕಿಬೆಟ್ಟಗಳು ಉಗುಳಿದ ಇಂಗಾಲದ ಗಾಳಿಯನ್ನು ಭೂಮಿ ಕಂಬಳಿಯಂತೆ ಹೊದ್ದಿತ್ತು. ಧ್ರುವಗಳಲ್ಲಿ ಮಂಜುಗಡ್ಡೆಯಿರಲಿಲ್ಲ, ಕಾಡಿತ್ತು. ಕಡಲು ಉಕ್ಕಿ ನೆಲವನ್ನೇರಿತ್ತು. ನೀರು ಸ್ನಾನಕ್ಕೆ ಕಾಯಿಸಿಟ್ಟಂತೆ ಬೆಚ್ಚಗಿತ್ತು. ಸುಖವೆಂದು ತಿಳಿಯಬೇಡಿ. ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಹೆಚ್ಚು ನಿಲ್ಲುವುದಿಲ್ಲ. ಒಂದು ಕಾಲದಲ್ಲಿ ಆಳದವರೆಲ್ಲ ಉಸಿರು ಕಟ್ಟಿ ಸತ್ತರು, ತಳದ ಕೆಸರು ಕಪ್ಪಾಯಿತು. ನಾನು ಮೇಲಿನ ನೀರಿನವನು, ವಯಸ್ಸಾಗಿ ಸತ್ತೆ. ಆಮೇಲೆ ಒಂದು ಸಿಂಪಿ ಬಂದು ನನ್ನ ಬೆನ್ನ ಮೇಲೆ ಮನೆ ಮಾಡಿತು. ಕೇಳಲಿಲ್ಲ, ಹೇಳಲಿಲ್ಲ. ಇಬ್ಬರೂ ಒಟ್ಟಿಗೆ ಕಲ್ಲಾದೆವು.

ಅರಿಯಲೂರಿನ ಸುಣ್ಣಕಲ್ಲಿನ ನೆಲದಿಂದ ನನ್ನನ್ನು ಎತ್ತಿ ತಂದವಳು ಸುಮೇಧಾ. ಧಾರವಾಡದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಅವಳ ಮಾವ ಜಯತೀರ್ಥಾಚಾರ್ಯರ ದೇವರ ಪೆಟ್ಟಿಗೆಯಲ್ಲಿ ಗಂಡಕಿ ನದಿಯ ಸಾಲಿಗ್ರಾಮವೊಂದಿತ್ತು. ನೋಡಿದೊಡನೆ ಗುರುತು ಹತ್ತಿತು. ನಮ್ಮವನೇ! ನನಗಿಂತ ಐದಾರು ಕೋಟಿ ವರ್ಷ ಹಿರಿಯ, ಅಷ್ಟೆ. ನನ್ನ ಮೈಮೇಲೆ ಸುರುಳಿ ಎನ್ನಿಸಿಕೊಂಡದ್ದು ಅವನ ಮೈಮೇಲೆ ಚಕ್ರ. ಅವನಿಗೆ ದಿನವೂ ಸೂಕ್ತ ಹೇಳುತ್ತ ಅಭಿಷೇಕ, ಗಂಧ, ತುಳಸಿ. ಆ ತೀರ್ಥ ತೆಗೆದುಕೊಳ್ಳದೆ ಆಚಾರ್ಯರು ತುತ್ತು ಮುಟ್ಟುತ್ತಿರಲಿಲ್ಲ. ನನಗೆ? ಉತ್ತರಪತ್ರಿಕೆಗಳು ಹಾರದಂತೆ ಕಾಯುವ ಕೆಲಸ. ಕೇಳಿ ಕೇಳಿ ಸೂಕ್ತವೆಲ್ಲ ನನಗೂ ಬಾಯಿಪಾಠವಾಗಿತ್ತು. ಆ ನೀರಿನ ಸದ್ದಿಗೆ ಮಾತ್ರ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಸುಮೇಧಾ ಹೇಳಿದಳು: "ಮಾವನವರ, ಇವತ್ತ ಈ ಕಲ್ಲು ಕೊಯ್ಯತೀವಿ. ಆಗಿನ ಸಮುದ್ರ ಎಷ್ಟು ಬೆಚ್ಚಗಿತ್ತು ಅನ್ನೋದನ್ನ ಇದರ ಬೆನ್ನಿನ ಸಿಂಪಿ ಚಿಪ್ಪಿನ ಪದರ ಹೇಳತಾವ."

ಅಲ್ಲಿಯೂ ಸಿಂಪಿಗೇ ಮರ್ಯಾದೆ.

ಅಂದು ದೇವರ ಮನೆಗೆ ಸುಣ್ಣ ಬಳಿಯುವವರಿದ್ದರು. ಆಚಾರ್ಯರು ತಮ್ಮ ಹಳೆಯ ರೇಷ್ಮೆಯ ಮಡಿಪಂಚೆಯನ್ನು ಹರಿದು, ಒಂದು ತುಂಡಿನಲ್ಲಿ ಸಾಲಿಗ್ರಾಮವನ್ನು ಸುತ್ತಿದರು. ನನ್ನ ಹುಡಿ ಚೀಲಕ್ಕೆ ಹತ್ತಬಾರದೆಂದು ಇನ್ನೊಂದನ್ನು ಸೊಸೆಗೆ ಕೊಟ್ಟರು. ಅವಳು ಅದರಲ್ಲಿ ನನ್ನನ್ನು ಕಟ್ಟಿದಳು. ಎರಡು ಗಂಟೂ ಗೋಡೆಯ ಒಂದೇ ಗೂಡಿನಲ್ಲಿ ಕೂತವು. ಅವನ ಪಕ್ಕದಲ್ಲಿ ನಾನು! ಹೊರಗೆ ಆಟೋ ಹಾರ್ನ್ ಹೊಡೆಯಿತು. ಸುಮೇಧಾ ಓಡಿಬಂದು ಒಂದು ಗಂಟನ್ನು ಚೀಲಕ್ಕೆ ಹಾಕಿಕೊಂಡು ಹೋದಳು. ಅವನನ್ನು.

ಸ್ನಾನ ಮುಗಿಸಿ ಮಡಿಯುಟ್ಟು ಬಂದ ಆಚಾರ್ಯರು ಉಳಿದ ಗಂಟು ಬಿಚ್ಚಿದರು. ಬೆರಳಿಗೆ ಸಿಂಪಿ ತಾಗಿತು. ಮುಖ ಬಿಳಿಚಿತು.

"ಹುಸೇನಾ, ಸುಮೇಧಾಗ ಫೋನ್ ಹಚ್ಚೋ! ನಾ ಮಡಿಯೊಳಗಿದ್ದೀನಿ, ಮುಟ್ಟಂಗಿಲ್ಲ."

ಸುಣ್ಣ ಬಳಿಯುತ್ತಿದ್ದ ಹುಸೇನಸಾಬ ಏಣಿಯ ಮೇಲಿಂದ ಬಗ್ಗಿದ. "ಕೈ ಸುಣ್ಣ ಆಗ್ಯಾವ್ರೀ ಆಚಾರ್ರ. ನಿಮ್ಮ ಫೋನು ಬೆಳ್ಳಗಾಗತದ."

"ಆಗ್ಲೋ ಮಾರಾಯ! ಅಲ್ಲಿ ನಮ್ಮ ಸ್ವಾಮಿ ಗರಗಸಕ್ಕ ಸಿಗ್ತಾನ!"

ಐದು ಸಲ ಹಚ್ಚಿದ. "ಅಕ್ಕಾವ್ರು ಎತ್ತವಲ್ರು ರೀ."

ಕೊಯ್ಯಲಿ, ಎಂದುಕೊಂಡೆ ನಾನು. ಅವನಿಲ್ಲದಿದ್ದರೆ ಈ ಮನೆಯಲ್ಲಿ ಸುರುಳಿಯವನು ನಾನೊಬ್ಬನೇ.

ಮಧ್ಯಾಹ್ನವಾಯಿತು. ಎಂಬತ್ತೆರಡು ವರ್ಷದ ಆಚಾರ್ಯರು ಇನ್ನೂ ಬಾಯಿಗೆ ಏನೂ ಹಾಕಿರಲಿಲ್ಲ. "ಒಂದು ಗುಟುಕು ನೀರರೆ ಕುಡೀರಿ," ಎಂದ ಹುಸೇನಸಾಬ.

"ಅವನ ಸ್ನಾನ ಆಗಿಲ್ಲೋ. ಅವ ಬರಲಿಲ್ಲ ಅಂದ್ರ ಇನ್ನ ನನಗೂ ನೀರಿಲ್ಲ."

ಹಾಗೆಂದವರು ನನ್ನ ಕಡೆ ನೋಡಿದರು. "ನೀನೂ ನೀರಾಗ ಇದ್ದಾಂವ ಅಲ್ಲೇನು? ತಗೋ." ಪೂಜೆಯ ಪುಟ್ಟ ಚಮಚದಿಂದ ಒಂದು ಉದ್ಧರಣೆ ನೀರು ನನ್ನ ಮೇಲೆ ಬಿತ್ತು. ಒಂಬತ್ತು ಕೋಟಿ ವರ್ಷ ಕಾದ ಸ್ನಾನ! ಆದರೆ ನೀರು ಹಾಕಿದವರ ಕಣ್ಣು ಬಾಗಿಲಲ್ಲಿತ್ತು. ಸೂಕ್ತವನ್ನೂ ಹೇಳಲಿಲ್ಲ.

ಮೂರು ಗಂಟೆಗೆ ಸುಮೇಧಾ ಏದುಸಿರು ಬಿಡುತ್ತ ಬಂದಳು. "ತಪ್ಪಾತ್ರೀ, ಮಾವನವರ! ಗಂಟು ಲ್ಯಾಬಿನವರಿಗೆ ಕೊಟ್ಟು ಕ್ಲಾಸಿಗೆ ಹೋಗಿದ್ದೆ. ಕೊಯ್ಯೋ ಮೊದಲ ಅವರು ಒಂದು ಹನಿ ಆಸಿಡ್ ಹಾಕಿದ್ರಂತ. ಸುಣ್ಣಕಲ್ಲಾದ್ರ ನೊರಿ ಏಳಬೇಕು. ಏಳಲಿಲ್ಲ ಅಂತ ನನ್ನ ಕೇಳಲಿಕ್ಕೆ ಬಂದ್ರು."

ಅವಳು ತಂದ ಗಂಟು ಬಿಚ್ಚಿ, ಆಚಾರ್ಯರು ಕಪ್ಪು ಸಾಲಿಗ್ರಾಮವನ್ನು ತಿರುಗಿಸಿ ತಿರುಗಿಸಿ ಸವರಿದರು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗೆಯಿತ್ತು. "ಪಂಚಾಮೃತಕ್ಕ ಆರನೇದೊಂದು ಸೇರಿಸಿದಿ ನೋಡು, ತಂಗಿ."

ಅಂದು ಅವನಿಗೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲದರ ಅಭಿಷೇಕ. ಸೂಕ್ತವನ್ನು ಎರಡು ಸಲ ಹೇಳಿದರು. ಆಮೇಲೆ ಆಚಾರ್ಯರು ಉಂಡರು.

ಮರುದಿನ ಹನಿ ಆಸಿಡ್ ನನ್ನ ಮೇಲೆ ಬಿತ್ತು. ನೊರೆ ಎದ್ದಿತು. ಹುಳಿ ನಮ್ಮ ಜಾತಿಯನ್ನು ತಿನ್ನುತ್ತದೆ. ಇಂಗಾಲದ ಗಾಳಿ ಕರಗಿ ಕಡಲಿಗೆ ಹುಳಿಯೇರಿದರೆ ಚಿಪ್ಪಿನವರಿಗೆ ಅದೇ ಗತಿ. ಗರಗಸ ನನ್ನನ್ನು ಎರಡು ಹೋಳು ಮಾಡಿತು.

ಈಗ ಕಾಲೇಜಿನ ಗಾಜಿನ ಕಪಾಟಿನಲ್ಲಿ ಒಂದು ಹೋಳಾಗಿ ಕೂತಿದ್ದೇನೆ. ಸುಮೇಧಾ ಮಕ್ಕಳಿಗೆ ಹೇಳುತ್ತಾಳೆ: "ಇವತ್ತಿನ ಸಮುದ್ರಕ್ಕಿಂತ ಅದು ಬಹಳ ಬೆಚ್ಚಗಿತ್ತು. ಹೇಳಿದ್ದು ಈ ಸಿಂಪಿ." ಎಲ್ಲರೂ ಸಿಂಪಿಯನ್ನು ನೋಡುತ್ತಾರೆ.

ನೋಡಲಿ. ಹೊತ್ತು ಹುಟ್ಟುವಾಗ ನಾನು ಮನಸ್ಸಿನಲ್ಲೇ ಸೂಕ್ತ ಹೇಳಿಕೊಂಡು, ಆ ಒಂದು ಉದ್ಧರಣೆ ನೀರನ್ನು ನೆನೆಯುತ್ತೇನೆ. ಅದು ನನ್ನದು, ನನ್ನೊಬ್ಬನದು ಎಂದುಕೊಳ್ಳುತ್ತೇನೆ. ಆದರೆ ಸುಳ್ಳು ಹೇಳಬಾರದು. ಅದರಲ್ಲೂ ಅರ್ಧ ಹರಿದು ಸಿಂಪಿಯ ಮೇಲೆ ಹೋಗಿತ್ತು.